ಬಿ.ಪಿ. ಮಾತ್ರೆಯ ಜತೆಗೆ ನಾಲ್ಕು ಮಾತೂ ಬೇಕು

2025ರ ಜೂನ್-ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೆಸರು ರಾಜ್ಯದ ಪತ್ರಿಕೆಗಳ ಮುಖಪುಟದಿಂದ ಇಳಿಯಲೇ ಇಲ್ಲ. ಕಾರಣ ಹೆಮ್ಮೆಪಡುವಂಥದ್ದಲ್ಲ. ಹೃದಯಾಘಾತದಿಂದ ನಿನ್ನೆ ಒಬ್ಬರು, ಇವತ್ತು ಇನ್ನೊಬ್ಬರು ಎಂಬ ಸುದ್ದಿ ಬೆಳಗಾದರೆ ಬರುತ್ತಿತ್ತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಹೆದರಿದರು. ಎದೆಯಲ್ಲಿ ಒಂದಿಷ್ಟು ಗ್ಯಾಸ್ ಆಡಿದರೂ ಬಸ್ ಹತ್ತಿ ಮೈಸೂರಿನ ಜಯದೇವ ಆಸ್ಪತ್ರೆಗೆ ಓಡಿದರು. ಅಲ್ಲಿ ಬೆಳಗಿನ ಜಾವದಿಂದಲೇ ಸಾಲು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಜಿಲ್ಲೆಯಲ್ಲಿ ಹೃದಯಾಘಾತ ಏಕಾಏಕಿ ಏರಿದ್ದಕ್ಕೆ ಆಧಾರವಿಲ್ಲ ಎಂದು ಸಮಿತಿ ಹೇಳಿತು. ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಕುಡಿತ ಎಂಬ ಹಳೆಯ ಶತ್ರುಗಳ ಕಡೆಗೇ ಬೆರಳು ತೋರಿಸಿತು.

ಸುದ್ದಿ ತಣ್ಣಗಾಯಿತು. ಸಾಲು ಕರಗಿತು. ಭಯವೂ ಇಳಿಯಿತು. ಆದರೆ ಬಿ.ಪಿ. ಇಳಿಯಿತೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಮೈಸೂರಿಗೆ ಹೋಗಬೇಕಿಲ್ಲ. ಬಿ.ಎಂ. ರಸ್ತೆಯ ಉದ್ದಕ್ಕೂ, ಕಟ್ಟಿನಕೆರೆ ಮಾರುಕಟ್ಟೆಯ ಸುತ್ತ, ಬಸ್ ನಿಲ್ದಾಣದ ಆಸುಪಾಸು ಇರುವ ಔಷಧಿ ಅಂಗಡಿಗಳ ಮುಂದೆ ಸಂಜೆ ಹೊತ್ತು ಕಾಲು ಗಂಟೆ ನಿಂತರೆ ಸಾಕು. ಅಂಗಡಿ ಮುಚ್ಚಿ ಮನೆಗೆ ಹೊರಟ ವ್ಯಾಪಾರಿ ಬರುತ್ತಾರೆ. ಸಕಲೇಶಪುರದ ಬಸ್ಸಿಗೆ ಇನ್ನೂ ಹತ್ತು ನಿಮಿಷ ಇದೆಯೆಂದು ನೌಕರ ಬರುತ್ತಾರೆ. ಹಳೇ ಮಾತ್ರೆ ಹಾಳೆಯ ತುಂಡನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡ ಅಜ್ಜಿ ಬರುತ್ತಾರೆ. ‘ಇದೇ ಒಂದು ಹಾಳೆ ಕೊಡಪ್ಪ.’ ಹಾಳೆ ಬಂತು, ದುಡ್ಡು ಹೋಯ್ತು, ಚಿಲ್ಲರೆ ಎಣಿಸಿದ್ದಾಯ್ತು. ಅರ್ಧ ನಿಮಿಷ. ಒಂದು ಮಾತಿಲ್ಲ, ಕತೆಯಿಲ್ಲ. ಸೋಪು ಕೊಂಡರೂ ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ.

ಇಲ್ಲಿಯೇ ಕೈ ಜಾರುತ್ತಿರುವುದು.

ಸದ್ದಿಲ್ಲದ ಕಳ್ಳ

ಬಿ.ಪಿ. ಎಂಬುದು ಜ್ವರದಂತೆ ಮೈ ಸುಡುವುದಿಲ್ಲ, ಹಲ್ಲುನೋವಿನಂತೆ ನಿದ್ದೆ ಕೆಡಿಸುವುದಿಲ್ಲ. ಬಹುಪಾಲು ಜನರಿಗೆ ಅದು ಇದೆಯೆಂದೇ ಗೊತ್ತಾಗುವುದಿಲ್ಲ. ರಕ್ತನಾಳದ ಗೋಡೆಯ ಮೇಲೆ ಹಗಲು-ರಾತ್ರಿ ಬೀಳುವ ಅಧಿಕ ಒತ್ತಡ ವರ್ಷಗಟ್ಟಲೆ ಒಳಗೊಳಗೇ ಕೊರೆಯುತ್ತದೆ. ಕೊನೆಗೊಂದು ದಿನ ಲಕ್ವವಾಗಿಯೋ, ಹೃದಯಾಘಾತವಾಗಿಯೋ, ಕೆಟ್ಟ ಮೂತ್ರಪಿಂಡವಾಗಿಯೋ ಬಾಗಿಲು ತಟ್ಟುತ್ತದೆ. ಆಮೇಲೆ ಓಡುವುದೆಲ್ಲ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ನೂರಕ್ಕೆ 35.5 ಮಂದಿಗೆ ಅಧಿಕ ರಕ್ತದೊತ್ತಡ ಇದೆ ಎಂದು ಅದು ಹೇಳಿತು. ಅಂದರೆ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಐವತ್ತು ಜನ ಕೂತ ಬಸ್ಸಿಗೆ ಈ ಲೆಕ್ಕ ಹಾಕಿದರೆ ಹದಿನೇಳು-ಹದಿನೆಂಟು ಜನ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಈ ಕಾಯಿಲೆ ಇರುವ ಐವರಲ್ಲಿ ಸುಮಾರು ನಾಲ್ವರಿಗೆ ಸಾಕಷ್ಟು ಚಿಕಿತ್ಸೆ ಸಿಗುತ್ತಿಲ್ಲ.

ಔಷಧಿ ಇಲ್ಲವೆಂದಲ್ಲ. ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್‌ನಂಥ ಮಾತ್ರೆಗಳು ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ, ಅವುಗಳ ಬೆಲೆಗೆ ಮಿತಿ ಇದೆ. ಅಮ್ಲೋಡಿಪಿನ್ ಮಾತ್ರೆಯೊಂದರ ಬೆಲೆ ಹೋಟೆಲಿನ ಒಂದು ಲೋಟ ಟೀಗಿಂತ ಕಡಿಮೆ. ಮಾತ್ರೆ ಅಗ್ಗ, ಅಂಗಡಿ ಹತ್ತಿರ. ಆದರೂ ಬಿ.ಪಿ. ಹತೋಟಿಗೆ ಬರುತ್ತಿಲ್ಲ ಎಂದರೆ, ಮಾತ್ರೆಗೂ ಮನುಷ್ಯನಿಗೂ ನಡುವೆ ಏನೋ ತಪ್ಪುತ್ತಿದೆ.

ವೈದ್ಯರು ಎರಡು ಸಲ, ಅಂಗಡಿ ಹನ್ನೆರಡು ಸಲ

ಬಿ.ಪಿ. ಇರುವ ಒಬ್ಬ ಸಾಮಾನ್ಯ ವ್ಯಾಪಾರಿ ವರ್ಷಕ್ಕೆ ಎಷ್ಟು ಸಲ ವೈದ್ಯರ ಮುಖ ನೋಡುತ್ತಾರೆ? ಹೆಚ್ಚೆಂದರೆ ಎರಡು ಸಲ. ಕೆಲವರು ಚೀಟಿ ಬರೆಸಿಕೊಂಡ ದಿನ ಬಿಟ್ಟರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಆದರೆ ಔಷಧಿ ಅಂಗಡಿಗೆ ತಿಂಗಳಿಗೊಮ್ಮೆಯಾದರೂ ಬರಲೇಬೇಕು. ವರ್ಷಕ್ಕೆ ಹನ್ನೆರಡು ಸಲ. ಅಪಾಯಿಂಟ್‌ಮೆಂಟ್ ಬೇಡ, ಟೋಕನ್ ಬೇಡ, ಫೀಸು ಇಲ್ಲ.

ಹಾಗೆ ಬಂದಾಗ ಗಲ್ಲಾಪೆಟ್ಟಿಗೆಯ ಪಕ್ಕ ನಿಂತ ಫಾರ್ಮಸಿಸ್ಟ್ ‘ಹೋದ ತಿಂಗಳು ಎಷ್ಟು ದಿನ ಮಾತ್ರೆ ತಪ್ಪಿತು?’ ಎಂದು ಒಂದು ಮಾತು ಕೇಳಿದರೆ ಎಷ್ಟೋ ಗುಟ್ಟು ಹೊರಬೀಳುತ್ತದೆ. ‘ಬಿ.ಪಿ. ನಾರ್ಮಲ್ ಬಂತಲ್ಲ ಅಂತ ನಿಲ್ಲಿಸ್ಬಿಟ್ಟೆ’ ಎನ್ನುವವರು ಊರ ತುಂಬ ಇದ್ದಾರೆ. ನಾರ್ಮಲ್ ಬಂದಿದ್ದು ಮಾತ್ರೆಯಿಂದ, ನಿಲ್ಲಿಸಿದರೆ ಮತ್ತೆ ಏರುತ್ತದೆ ಎಂದು ಅವರಿಗೆ ಹೇಳಿದವರಿಲ್ಲ. ಅಟೆನೊಲಾಲ್‌ನಂಥ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಹೃದಯಕ್ಕೇ ಅಪಾಯ ಎಂಬುದೂ ಅವರಿಗೆ ಗೊತ್ತಿಲ್ಲ.

‘ಮಾತ್ರೆ ತಗೊಂಡ್ರೆ ಕಾಲು ಊದುತ್ತೆ’ ಎಂದು ಇನ್ನೊಬ್ಬರು. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದದ ಗಂಟು ಊದುವುದುಂಟು. ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಹಿಡಿಯುತ್ತದೆ. ಪಾಪ, ಅವರು ಕೆಮ್ಮಿಗೆ ಬೇರೆ ಔಷಧಿ ಕುಡಿಯುತ್ತ ತಿಂಗಳು ಕಳೆಯುತ್ತಾರೆ. ವೈದ್ಯರಿಗೆ ಒಂದು ಮಾತು ಹೇಳಿದರೆ ಮಾತ್ರೆ ಬದಲಾಗುತ್ತದೆ, ಕಷ್ಟ ನೀಗುತ್ತದೆ. ಆ ಮಾತನ್ನು ಹೇಳಿಕಳಿಸಬೇಕಾದವರು ಯಾರು?

ಮಂಡಿನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗುವವರ ಬಿ.ಪಿ. ಏರಬಹುದು. ಮೂಗು ಕಟ್ಟಿದರೆ ಕೊಳ್ಳುವ ಎಷ್ಟೋ ಶೀತದ ಮಾತ್ರೆಗಳಲ್ಲಿ ಫಿನೈಲ್‌ಎಫ್ರಿನ್ ಇರುತ್ತದೆ, ಅದೂ ಒತ್ತಡ ಏರಿಸಬಲ್ಲದು. ಹೊಟ್ಟೆ ಉಬ್ಬರಕ್ಕೆ ನೀರಿಗೆ ಹಾಕಿದರೆ ನೊರೆಗರೆಯುವ ಪುಡಿಯಲ್ಲಿ ಸೋಡಿಯಂ ಧಾರಾಳವಾಗಿರುತ್ತದೆ. ಗಂಟಲಿಗೆ ಒಳ್ಳೆಯದೆಂದು ದಿನವೂ ಜಗಿಯುವ ಜ್ಯೇಷ್ಠಮಧು ಕೂಡ ಅತಿಯಾದರೆ ಬಿ.ಪಿ. ಏರಿಸುತ್ತದೆ. ಒಂದೇ ಅಂಗಡಿಯಲ್ಲಿ ಒಂದು ಕೈಯಿಂದ ಬಿ.ಪಿ. ಇಳಿಸುವ ಮಾತ್ರೆ, ಇನ್ನೊಂದು ಕೈಯಿಂದ ಏರಿಸುವ ಮಾತ್ರೆ! ಎರಡನ್ನೂ ಒಂದೇ ಕವರಿಗೆ ಹಾಕಿ ಕೊಡುವುದು ವ್ಯಾಪಾರ. ನಡುವೆ ಒಂದು ಮಾತು ಕೇಳುವುದು ವೃತ್ತಿ.

ಇನ್ನೊಂದು ತಮಾಷೆಯಲ್ಲದ ತಮಾಷೆ. ಹಾಸನದ ವೈದ್ಯರು ಬರೆದ ಟೆಲ್ಮಿಸಾರ್ಟಾನ್ ಒಂದು ಕಂಪನಿಯದು. ಮಗಳ ಮನೆಗೆ ಬೆಂಗಳೂರಿಗೆ ಹೋದಾಗ ಅಲ್ಲಿನ ವೈದ್ಯರು ಬರೆದದ್ದೂ ಟೆಲ್ಮಿಸಾರ್ಟಾನೇ, ಆದರೆ ಇನ್ನೊಂದು ಕಂಪನಿಯದು, ಬೇರೆ ಹೆಸರು, ಬೇರೆ ಬಣ್ಣ. ಯಜಮಾನರು ಎರಡನ್ನೂ ಭಕ್ತಿಯಿಂದ ನುಂಗುತ್ತಾರೆ. ತಲೆ ಸುತ್ತಿ ಬಚ್ಚಲುಮನೆಯಲ್ಲಿ ಬಿದ್ದ ಮೇಲೆ ಗೊತ್ತಾಗುತ್ತದೆ. ಹಾಳೆಯ ಮೇಲಿನ ಸಣ್ಣ ಅಕ್ಷರ ಓದಬಲ್ಲವರು ಅಂಗಡಿಯಲ್ಲಿದ್ದರೆ ಅಲ್ಲಿಯೇ ಸಿಕ್ಕಿಬೀಳುವ ತಪ್ಪು ಇದು.

ಕಾನೂನು ಏನು ಹೇಳುತ್ತದೆ?

ಇದೆಲ್ಲ ಔಷಧಿ ಅಂಗಡಿಯವರು ದೊಡ್ಡ ಮನಸ್ಸು ಮಾಡಿ ಮಾಡಬೇಕಾದ ಉಪಕಾರ ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಗೆ ಔಷಧಿ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ. 1945ರ ಔಷಧಿ ನಿಯಮಗಳ 65ನೇ ನಿಯಮವೂ ಫಾರ್ಮಸಿಸ್ಟ್‌ರ ಖುದ್ದು ಮೇಲ್ವಿಚಾರಣೆ ಇರಲೇಬೇಕು ಎನ್ನುತ್ತದೆ. ಬಿ.ಪಿ. ಮಾತ್ರೆಗಳು ಎಚ್ ಅನುಸೂಚಿಗೆ ಸೇರಿದವು. ಚೀಟಿ ಇಲ್ಲದೆ ಮಾರುವಂತಿಲ್ಲ, ಚೀಟಿಯಲ್ಲಿ ಬರೆದದ್ದರ ಬದಲು ಬೇರೆಯದನ್ನು ಕೊಡುವಂತಿಲ್ಲ. 2015ರ ಜನವರಿಯಲ್ಲಿ ಬಂದ ಫಾರ್ಮಸಿ ವೃತ್ತಿ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಔಷಧಿಯ ಹೆಸರು, ಅದನ್ನು ತೆಗೆದುಕೊಳ್ಳುವ ರೀತಿ, ಎಷ್ಟು ದಿನ, ಅಡ್ಡ ಪರಿಣಾಮ ಏನು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು, ಎಲ್ಲವನ್ನೂ ರೋಗಿಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟ್‌ರ ಕರ್ತವ್ಯ ಎಂದಿತು.

ಓದಿಗೂ ಕೊರತೆಯಿಲ್ಲ. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ರೋಗಿಯ ಹಾಸಿಗೆಯ ಬಳಿ ನಿಂತು ಔಷಧಿ ವಿಚಾರ ಮಾಡುವ ಫಾರ್ಮಸಿಸ್ಟ್‌ರನ್ನು ತಯಾರು ಮಾಡುವ ಕೋರ್ಸ್ ಆರಂಭಿಸಿತು. 2008ರಲ್ಲಿ ದೇಶದಲ್ಲಿ ಆರು ವರ್ಷದ ಫಾರ್ಮ್.ಡಿ. ಓದು ಬಂತು. ಕಾಲ ಕಂಪೌಂಡರ್‌ಗಳದ್ದಲ್ಲ ಎಂದು ಕಾಲೇಜುಗಳಿಗೆ ಗೊತ್ತಾಗಿದೆ. ಅಂಗಡಿಯ ಕಟ್ಟೆಗೆ ಮಾತ್ರ ಆ ಸುದ್ದಿ ಮುಟ್ಟಿಲ್ಲ.

ಮುಟ್ಟದಿರಲು ಒಂದು ಕಾರಣ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಎಷ್ಟೋ ಕಡೆ ಸರ್ಟಿಫಿಕೇಟ್ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ನೇತಾಡುತ್ತದೆ, ಅದರ ಒಡೆಯರು ಇನ್ನೆಲ್ಲೋ ಬೇರೆ ನೌಕರಿಯಲ್ಲಿರುತ್ತಾರೆ. ತಿಂಗಳಿಗಿಷ್ಟು ಎಂದು ಸರ್ಟಿಫಿಕೇಟ್ ಬಾಡಿಗೆಗೆ ಹೋಗುತ್ತದೆ. ಕಟ್ಟೆಯ ಹಿಂದೆ ನಿಂತಿರುವುದು ಮಾತ್ರೆಯ ಬಣ್ಣ ನೋಡಿ ಗುರುತಿಸುವ ಹುಡುಗ. ಅವನದು ತಪ್ಪಲ್ಲ, ಹೊಟ್ಟೆಪಾಡು. ಆದರೆ ಕಾಲು ಊದಿದೆ ಎಂದು ಹೇಳಿದರೆ ಅವನು ಇನ್ನೊಂದು ಮುಲಾಮು ಕೊಟ್ಟಾನೇ ಹೊರತು ವೈದ್ಯರ ಬಳಿ ಕಳಿಸಲಾರ.

ಕ್ಷೌರದಂಗಡಿಯ ಪಾಠ

ಫಾರ್ಮಸಿಸ್ಟ್ ನಾಲ್ಕು ಮಾತಾಡಿದರೆ ಬಿ.ಪಿ. ಇಳಿಯುತ್ತದಾ ಎಂದು ನಗುವವರಿಗೆ ಅಮೆರಿಕದ ಒಂದು ಪ್ರಯೋಗ ಉತ್ತರ ಹೇಳುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಡಾ. ರೊನಾಲ್ಡ್ ವಿಕ್ಟರ್ ಎಂಬ ಹೃದ್ರೋಗ ತಜ್ಞರು ಇದ್ದರು. ಕಪ್ಪು ಜನಾಂಗದ ಗಂಡಸರು ಬಿ.ಪಿ.ಗೆ ಹೆಚ್ಚಾಗಿ ಬಲಿಯಾಗುತ್ತಾರೆ, ಆಸ್ಪತ್ರೆಗೆ ಮಾತ್ರ ಬರುವುದಿಲ್ಲ, ಆದರೆ ಕ್ಷೌರದಂಗಡಿಗೆ ತಪ್ಪದೆ ಹೋಗುತ್ತಾರೆ ಎಂಬುದನ್ನು ಅವರು ಗಮನಿಸಿದರು. ಸರಿ, ಫಾರ್ಮಸಿಸ್ಟ್‌ರನ್ನೇ ಅಲ್ಲಿಗೆ ಕಳಿಸಿದರು. 52 ಕ್ಷೌರದಂಗಡಿ, 319 ಮಂದಿ. ಅರ್ಧ ಅಂಗಡಿಗಳಲ್ಲಿ ಕ್ಷೌರಿಕರು ವೈದ್ಯರನ್ನು ಕಾಣುವಂತೆ ಬುದ್ಧಿ ಹೇಳಿದರು. ಉಳಿದ ಅಂಗಡಿಗಳಲ್ಲಿ ಫಾರ್ಮಸಿಸ್ಟ್‌ರೇ ಬಂದು, ವೈದ್ಯರೊಂದಿಗೆ ಮಾಡಿಕೊಂಡ ಒಪ್ಪಂದದ ಮೇರೆಗೆ, ಬಿ.ಪಿ. ಅಳೆದು ಔಷಧಿ ಹೊಂದಿಸಿದರು.

ಆರು ತಿಂಗಳ ನಂತರದ ಲೆಕ್ಕ 2018ರಲ್ಲಿ ಪ್ರಕಟವಾಯಿತು. ಬುದ್ಧಿಮಾತು ಮಾತ್ರ ಕೇಳಿದವರ ಮೇಲಿನ ಅಂಕಿ ಸರಾಸರಿ 9 ಇಳಿದಿತ್ತು. ಫಾರ್ಮಸಿಸ್ಟ್ ನೋಡಿಕೊಂಡವರದು 27 ಇಳಿದಿತ್ತು. 130/80ಕ್ಕಿಂತ ಕೆಳಗೆ ಬಂದವರು ಒಂದು ಕಡೆ ನೂರಕ್ಕೆ 12ರಷ್ಟು, ಇನ್ನೊಂದು ಕಡೆ ನೂರಕ್ಕೆ 64ರಷ್ಟು. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಔಷಧಿ ಬರೆಯುವ ಹಕ್ಕು ಪಡೆದ ಫಾರ್ಮಸಿಸ್ಟ್‌ರು 248 ಮಂದಿಯೊಂದಿಗೆ ನಡೆಸಿದ ಪ್ರಯೋಗವೂ 2015ರಲ್ಲಿ ಇದೇ ದಿಕ್ಕಿನ ಫಲ ಕೊಟ್ಟಿತ್ತು. ಇಂಗ್ಲೆಂಡಿನಲ್ಲಿ 2021ರ ಅಕ್ಟೋಬರಿನಿಂದ ನಲವತ್ತು ದಾಟಿದವರ ಬಿ.ಪಿ.ಯನ್ನು ಔಷಧಿ ಅಂಗಡಿಗಳಲ್ಲೇ ಪುಕ್ಕಟೆಯಾಗಿ ಅಳೆಯುವ ಏರ್ಪಾಡು ಇದೆ. ಅದರ ಖರ್ಚನ್ನು ಸರ್ಕಾರವೇ ಅಂಗಡಿಗೆ ಕೊಡುತ್ತದೆ.

ಅಲ್ಲಿನ ಫಾರ್ಮಸಿಸ್ಟ್‌ಗೆ ಇರುವ ಅಧಿಕಾರ ಇಲ್ಲಿ ಇಲ್ಲ. ಇಲ್ಲಿ ಮಾತ್ರೆ ಬದಲಿಸುವ, ಪ್ರಮಾಣ ಏರಿಸುವ ಹಕ್ಕು ವೈದ್ಯರಿಗೆ ಮಾತ್ರ. ಅದು ಹಾಗೆಯೇ ಇರಲಿ. ಆದರೆ ಅಳೆಯುವುದಕ್ಕೆ, ಕೇಳುವುದಕ್ಕೆ, ತಿಳಿಹೇಳುವುದಕ್ಕೆ, ವೈದ್ಯರ ಬಳಿ ಕಳಿಸುವುದಕ್ಕೆ ಯಾವ ಕಾನೂನೂ ಅಡ್ಡ ಬಂದಿಲ್ಲ.

ಅಂಗಡಿಯವರ ಮಾತೂ ಕೇಳಬೇಕು

ಔಷಧಿ ವ್ಯಾಪಾರಿಗಳ ಕಷ್ಟವೂ ಸುಳ್ಳಲ್ಲ. ಬೆಲೆ ನಿಯಂತ್ರಣದ ಮಾತ್ರೆಗಳಿಗೆ ಚಿಲ್ಲರೆ ಅಂಗಡಿಯ ಲಾಭ ನೂರಕ್ಕೆ 16 ಎಂದು 2013ರ ಆದೇಶ ಗೊತ್ತುಮಾಡಿದೆ. ಒಂದು ಕಡೆ ಬಾಡಿಗೆ, ಕರೆಂಟು, ಸಂಬಳ. ಇನ್ನೊಂದು ಕಡೆ ಮೊಬೈಲಿನಲ್ಲಿ ರಿಯಾಯಿತಿ ಕೊಟ್ಟು ಮನೆ ಬಾಗಿಲಿಗೆ ಔಷಧಿ ಮುಟ್ಟಿಸುವ ಕಂಪನಿಗಳು. ‘ಮಾತಾಡ್ತಾ ನಿಂತ್ರೆ ಹಿಂದಿನ ಗಿರಾಕಿ ಪಕ್ಕದಂಗಡಿಗೆ ಹೋಗ್ತಾನೆ ಸಾರ್’ ಎಂದರೆ ಅದರಲ್ಲಿ ನಿಜವಿದೆ.

ಆದರೆ ರಿಯಾಯಿತಿಯಲ್ಲಿ ಮೊಬೈಲ್ ಕಂಪನಿಯೊಂದಿಗೆ ಪೈಪೋಟಿ ಮಾಡಿ ಯಾವ ಜಿಲ್ಲೆಯ ಅಂಗಡಿಯೂ ಗೆಲ್ಲಲಾರದು. ಗೆಲ್ಲಬಹುದಾದದ್ದು ಒಂದರಲ್ಲೇ: ಮುಖ ನೋಡಿ ಮಾತಾಡುವುದರಲ್ಲಿ. ಗಿರಾಕಿಯ ಹೆಸರು, ಅವರ ಹಳೆಯ ಮಾತ್ರೆ, ಅವರ ಮಂಡಿನೋವು ಗೊತ್ತಿರುವುದು ಊರಿನ ಅಂಗಡಿಗೆ. ಬಟ್ಟೆ ಅಂಗಡಿಯವರಿಗೂ ದಿನಸಿ ಅಂಗಡಿಯವರಿಗೂ ಗೊತ್ತಿರುವ ಈ ವ್ಯಾಪಾರದ ಗುಟ್ಟು ಔಷಧಿ ಅಂಗಡಿಗೆ ಗೊತ್ತಿಲ್ಲವೆಂದರೆ ನಂಬುವುದು ಕಷ್ಟ.

ವೈದ್ಯರಿಗೂ ಒಂದು ಅನುಮಾನ ಇದೆ: ಅಂಗಡಿಯವರು ಯಂತ್ರ ಇಟ್ಟುಕೊಂಡು ತಾವೇ ಡಾಕ್ಟರಾಗಿಬಿಟ್ಟರೆ? ಈ ಭಯಕ್ಕೆ ಕಾರಣವೂ ಇದೆ. ಅಂಕಿ ಜಾಸ್ತಿ ಬಂತೆಂದು ಅಲ್ಲೇ ಒಂದು ಮಾತ್ರೆ ಮಾರುವ ಅಂಗಡಿ ಊರಿಗೆ ಉಪಕಾರಿಯಲ್ಲ. ಒಂದು ಸಲದ ಅಂಕಿಯಿಂದ ಕಾಯಿಲೆ ತೀರ್ಮಾನವಾಗುವುದಿಲ್ಲ. ಫಾರ್ಮಸಿಸ್ಟ್‌ರ ಕೆಲಸ ಅಂಕಿ ಬರೆದುಕೊಟ್ಟು ಕಳಿಸುವುದು, ಅಲ್ಲಿಗೆ ನಿಲ್ಲಬೇಕು.

ಆಗಬೇಕಾದ್ದು ಇಷ್ಟು

ಮೊದಲನೆಯದು, ಸರಿಯಾಗಿ ಅಳೆಯುವುದು. ಬಸ್ ಹಿಡಿಯಲು ಓಡಿ ಬಂದವರ ತೋಳಿಗೆ ಪಟ್ಟಿ ಸುತ್ತಿದರೆ ಬರುವುದು ಓಟದ ಅಂಕಿ. ಐದು ನಿಮಿಷ ಕುರ್ಚಿಗೆ ಬೆನ್ನು ಕೊಟ್ಟು, ಕಾಲು ನೆಲಕ್ಕೆ ಊರಿ ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಸಿಗರೇಟು ಆಗಿರಬಾರದು. ತೋಳಿನ ಗಾತ್ರಕ್ಕೆ ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಎರಡು ಸಲ ಅಳೆಯಬೇಕು, ತಾರೀಖು ಹಾಕಿ ಚೀಟಿಯಲ್ಲಿ ಬರೆಯಬೇಕು. ಅಂಗಡಿಯಲ್ಲಿ ಒಂದು ಕುರ್ಚಿ, ಒಂದು ಒಳ್ಳೆಯ ಯಂತ್ರ, ಇಷ್ಟೇ ಬಂಡವಾಳ.

ಎರಡನೆಯದು, ಮೂರು ಪ್ರಶ್ನೆ. ಎಷ್ಟು ದಿನ ತಪ್ಪಿತು? ಏನಾದರೂ ತೊಂದರೆ ಆಯಿತೇ? ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ? 140/90ಕ್ಕಿಂತ ಮೇಲೆ ಮತ್ತೆ ಮತ್ತೆ ಬರುತ್ತಿದ್ದರೆ ಚೀಟಿ ಕೊಟ್ಟು ವೈದ್ಯರ ಬಳಿ ಕಳಿಸುವುದು. 180/120 ದಾಟಿ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲು, ಕೈಕಾಲು ಸೋಲು ಕಂಡರೆ ಚೀಟಿ ಬರೆಯುತ್ತ ಕೂರದೆ 108ಕ್ಕೆ ಫೋನ್ ಮಾಡುವುದು. ಬಿ.ಪಿ. ಮಾತ್ರೆ ನುಂಗುವ ಹೆಣ್ಣುಮಗಳು ಬಸುರಿಯಾದರೆ ತಡಮಾಡದೆ ವೈದ್ಯರಿಗೆ ತೋರಿಸುವಂತೆ ಹೇಳುವುದು, ಏಕೆಂದರೆ ಟೆಲ್ಮಿಸಾರ್ಟಾನ್, ಎನಲಾಪ್ರಿಲ್ ಜಾತಿಯ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಕೇಡು.

ಮೂರನೆಯದು, ಗಿರಾಕಿಯ ಪಾಲು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆ ಬಿ.ಪಿ.ಗೆ ಅಕ್ಷರಶಃ ಹೊಂದುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ ಎಲ್ಲವೂ ಆ ಲೆಕ್ಕದ ಒಳಗೇ ಬರಬೇಕು. ಸೋಡಿಯಂ ಕಮ್ಮಿ ಎಂದು ಮಾರುವ ಬದಲಿ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಮೂತ್ರಪಿಂಡದ ತೊಂದರೆ ಇರುವವರು ಕೇಳದೆ ಅದನ್ನು ಬಳಸಬಾರದು. ಹಾಳೆಯ ತುಂಡಿನ ಬದಲು ವೈದ್ಯರ ಚೀಟಿ ಹಿಡಿದು ಹೋಗುವುದು, ‘ಫಾರ್ಮಸಿಸ್ಟ್ ಯಾರು, ಸ್ವಲ್ಪ ಕರೀರಿ’ ಎಂದು ಸಂಕೋಚವಿಲ್ಲದೆ ಕೇಳುವುದು ಗಿರಾಕಿಯ ಹಕ್ಕು. ದಿನವಿಡೀ ಗಲ್ಲೆಯ ಮುಂದೆ ಕೂತ ವ್ಯಾಪಾರಿಯೇ ಇದನ್ನು ಕೇಳದಿದ್ದರೆ ಹಳ್ಳಿಯಿಂದ ಬಂದ ಅಜ್ಜಿ ಕೇಳುತ್ತಾರೆಯೇ?

ನಾಲ್ಕನೆಯದು, ಸರ್ಕಾರದ ಪಾಲು. ಔಷಧ ನಿಯಂತ್ರಣ ಇಲಾಖೆಯ ತಪಾಸಣೆ ಬಿಲ್ಲು ಪುಸ್ತಕ, ಫ್ರಿಜ್ಜಿನ ಉಷ್ಣತೆ ನೋಡುವುದರಲ್ಲೇ ಮುಗಿಯಬಾರದು. ಗೋಡೆಯ ಮೇಲಿನ ಫೋಟೋದಲ್ಲಿರುವ ಮುಖ ಕಟ್ಟೆಯ ಹಿಂದೆಯೂ ಇದೆಯೇ ಎಂದು ನೋಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ. ಮಾತ್ರೆ ಪುಕ್ಕಟೆ ಕೊಡುತ್ತಾರೆ. ಅಲ್ಲಿಯೂ ಕಿಟಕಿಯ ಹಿಂದಿನಿಂದ ಮಾತ್ರೆ ಎಸೆಯುವುದರ ಬದಲು ಅಲ್ಲಿನ ಫಾರ್ಮಸಿ ಅಧಿಕಾರಿಗೆ ಎರಡು ಮಾತಾಡುವಷ್ಟು ಪುರಸೊತ್ತು ಸಿಗಬೇಕು. ಖಾಸಗಿ ಅಂಗಡಿಯಲ್ಲಿ ಅಳೆದ ಅಂಕಿಗೆ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಜಾಗ ಸಿಗಬೇಕು. ಅಳೆಯುವ ಕೆಲಸಕ್ಕೆ ಅಲ್ಪಸ್ವಲ್ಪ ಗೌರವಧನ ಗೊತ್ತುಮಾಡಿದರೆ ಅಂಗಡಿಯವರ ದೂರಿಗೂ ಅರ್ಧ ಉತ್ತರ ಸಿಗುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಹಳೆಯ ಚಟ ಈ ಜಿಲ್ಲೆಯನ್ನೂ ಬಿಟ್ಟಿಲ್ಲ. ಹೆದರಿಕೆ ಹುಟ್ಟಿದಾಗ ನೂರಾರು ಕಿಲೋಮೀಟರ್ ಓಡುವ ಜನ, ಹೆದರಿಕೆ ಇಲ್ಲದ ದಿನಗಳಲ್ಲಿ ನೂರು ಹೆಜ್ಜೆ ದೂರದ ಅಂಗಡಿಯಲ್ಲಿ ಐದು ನಿಮಿಷ ಕೂರುವುದಿಲ್ಲ. ಕೂರಲು ಅಲ್ಲಿ ಕುರ್ಚಿಯೂ ಇಲ್ಲ, ಮಾತಾಡಿಸಲು ಫಾರ್ಮಸಿಸ್ಟೂ ಇಲ್ಲ. ಕುರ್ಚಿ ಹಾಕುವುದು ಅಂಗಡಿಯ ಒಡೆಯರ ಕೈಲಿದೆ. ಫಾರ್ಮಸಿಸ್ಟ್ ಅಲ್ಲಿರುವಂತೆ ನೋಡಿಕೊಳ್ಳುವುದು ಇಲಾಖೆಯ ಕೈಲಿದೆ. ಮುಂದಿನ ತಿಂಗಳ ಹಾಳೆ ಕೊಳ್ಳುವಾಗ ಬಾಯಿ ತೆರೆದು ಕೇಳುವುದು ಮಾತ್ರ ಕೊಳ್ಳುವವರ ಕೈಲೇ ಇದೆ.